ಶಾವಿಗೆ ಈಚೆ ಕಡೆ, ಸಾರು ಆಚೆ ಕಡೆ

ಪರದೇಶದ ಅಡಿಗೆಯನ್ನು ಹೊಗಳಿ ಬರೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಹೊಗಳಲಿ, ಹೊಟ್ಟೆ ತುಂಬಿದವರು ಮತ್ತೇನು ಮಾಡಿಯಾರು? ಅವರನ್ನು ಜರೆದು ಬರೆಯುವವರ ಮೇಲೂ ಸಿಟ್ಟಿಲ್ಲ. ಜೋಳದ ರೊಟ್ಟಿ ಹೋಯಿತು, ಪುಂಡಿಪಲ್ಯ ಹೋಯಿತು, ಮಕ್ಕಳ ನಾಲಗೆ ಕೆಟ್ಟಿತು ಎಂದು ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಕಣ್ಣೀರಿಡದಿದ್ದರೆ ನಮ್ಮ ಸಂಸ್ಕೃತಿಗೇ ಒಂದು ಊನ. ಆದರೆ ಈ ಎರಡು ಪಂಗಡದವರೂ ಒಂದು ಮಾತಿನಲ್ಲಿ ಒಮ್ಮತದವರು. ವಿಯೆಟ್ನಾಮಿನ ‘ಫೋ’ ಎಂಬ ಶಾವಿಗೆಯ ಸಾರು ನಮಗೆ ತೀರ ಹೊಸದು, ಕಡಲು ದಾಟಿ ಬಂದದ್ದು, ಅದಕ್ಕೂ ನಮಗೂ ಯಾವ ನಂಟೂ ಇಲ್ಲ ಎಂಬುದೇ ಆ ಮಾತು. ಒಬ್ಬರಿಗೆ ಅದೇ ಅದರ ಗುಣ, ಇನ್ನೊಬ್ಬರಿಗೆ ಅದೇ ಅದರ ದೋಷ. ಈ ಒಮ್ಮತ ಸುಳ್ಳೆಂಬುದು ನನ್ನ ತಕರಾರು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು, ಇದು ಅನುಕೂಲಕ್ಕೆ ಹೇಳಿಕೊಂಡ ಸುಳ್ಳು.

ನಾನು ಹುಲಸೂರಿನವನು. ಬೀದರ ಜಿಲ್ಲೆಯ ಅಂಚಿನಲ್ಲಿ ಮಹಾರಾಷ್ಟ್ರದ ಗಡಿಗೆ ಒತ್ತಿಕೊಂಡಿರುವ ಊರು. ಬಹುಕಾಲ ಬಸವಕಲ್ಯಾಣ ತಾಲ್ಲೂಕಿನಲ್ಲಿದ್ದು ಈಚೆಗೆ ತಾನೇ ತಾಲ್ಲೂಕಿನ ಕೇಂದ್ರವಾಗಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ ನಿಲ್ದಾಣದಲ್ಲಿ ದಖನಿ ಉರ್ದು. ಜಗಳವಾಡುವಾಗ ಮೂರೂ ಒಟ್ಟಿಗೆ. ಹೊಟ್ಟೆಪಾಡಿಗೆಂದು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಮಿಕ್ಕಿತು. ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ಬದಿಗೆ ಇಸ್ತ್ರಿ ಅಂಗಡಿ, ಇನ್ನೊಂದು ಬದಿಗೆ ಔಷಧದಂಗಡಿ, ನಡುವೆ ಎಂಟು ಮೇಜಿನ ಒಂದು ವಿಯೆಟ್ನಾಮಿ ಹೋಟೆಲು ಆರಂಭವಾಯಿತು. ಆಡಂಬರದ ಜಾಗವಲ್ಲ. ಚಪ್ಪಲಿ ಮೆಟ್ಟಿಕೊಂಡು, ಸಂಜೆ ಹಾಲಿಗೆ ಹೋದವನು ಹಾಗೇ ಹೊಕ್ಕು ಬರಬಹುದಾದಂಥದು. ನಾಲ್ಕೈದು ಸಲ ಹೋಗಿ ಉಂಡು ಬಂದಿದ್ದೇನೆ. ಬೋಗುಣಿಗೆ ಐದುನೂರರ ಹತ್ತಿರ ಬೀಳುತ್ತದೆ. ಬೆಲೆಯ ಮಾತು ಆಮೇಲೆ.

ಮೊದಲು ಹೇಳಬೇಕಾದದ್ದು ಆ ಸಾರಿನ ವಿಚಾರ. ನಮ್ಮ ಕಣ್ಣಿಗೆ ಅದು ಸಾರೇ ಅಲ್ಲ. ಬಣ್ಣವಿಲ್ಲ, ಕಾರವಿಲ್ಲ, ಒಗ್ಗರಣೆಯಿಲ್ಲ. ತಿಳಿಯಾದ, ತುಸು ಹೊಂಬಣ್ಣದ ನೀರು. ಅದರ ತಳದಲ್ಲಿ ಅಕ್ಕಿಯ ಚಪ್ಪಟೆ ಶಾವಿಗೆ, ಮೇಲೆ ತೆಳ್ಳಗೆ ಹೆಚ್ಚಿದ ಮಾಂಸ, ಹಸಿ ಈರುಳ್ಳಿ, ಕೊತ್ತಂಬರಿ. ಪಕ್ಕದ ತಟ್ಟೆಯಲ್ಲಿ ತುಳಸಿಯ ಜಾತಿಯ ಸೊಪ್ಪು, ಮೊಳಕೆ ಕಾಳು, ನಿಂಬೆ, ಹಸಿಮೆಣಸಿನಕಾಯಿ. ಇವನ್ನು ಎಷ್ಟು ಹಾಕಿಕೊಳ್ಳಬೇಕೆಂಬುದು ಉಣ್ಣುವವನ ಇಷ್ಟ. ಮೊದಲ ಗುಟುಕಿಗೆ ‘ಇಷ್ಟೇನೇ?’ ಅನ್ನಿಸುತ್ತದೆ. ಎರಡನೆಯದಕ್ಕೆ ನಾಲಗೆಯ ಹಿಂಬದಿಯಲ್ಲಿ ಏನೋ ಗುರುತು ಹತ್ತುತ್ತದೆ. ಮೂರನೆಯದಕ್ಕೆ ನಾನು ಹುಲಸೂರಿನ ಸೀಮೆಯಲ್ಲಿದ್ದೆ.

ಏಕೆಂದರೆ ಇದನ್ನು ಮಾಡುವ ಬಗೆ ನೋಡಿ. ಮೂಳೆಗಳನ್ನು ತೊಳೆದು, ಒಂದು ಕುದಿ ಬರಿಸಿ ಆ ನೀರನ್ನು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ, ಹಲವೆಡೆ ರಾತ್ರಿಯಿಡೀ, ಕಾಯಿಸುತ್ತಾರೆ. ಶುಂಠಿಯನ್ನೂ ಈರುಳ್ಳಿಯನ್ನೂ ಬೆಂಕಿಯ ಮೇಲೆ ಸಿಪ್ಪೆ ಕರಿಯಾಗುವಂತೆ ಸುಟ್ಟು ಹಾಕುತ್ತಾರೆ. ದಾಲ್ಚಿನ್ನಿ, ಲವಂಗ, ಏಲಕ್ಕಿ, ಕೊತ್ತಂಬರಿ ಬೀಜ, ಚಕ್ರಮೊಗ್ಗುಗಳನ್ನು ಹುರಿದು ಬಟ್ಟೆಯಲ್ಲಿ ಗಂಟುಕಟ್ಟಿ ಇಳಿಬಿಡುತ್ತಾರೆ. ಮೀನನ್ನು ಉಪ್ಪಿನಲ್ಲಿ ಕೊಳೆಸಿ ತೆಗೆದ ರಸವೊಂದು ಮಾತ್ರ ಅವರ ಸ್ವಂತದ್ದು. ಉಳಿದದ್ದೆಲ್ಲ ನಮ್ಮ ಬೀದರ, ಹುಮನಾಬಾದ, ಕಲ್ಯಾಣದ ಸೀಮೆಯ ಯಾವ ನಹಾರಿ ಮಾಡುವವನಿಗೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಅವನೂ ಕಾಲುಗಳನ್ನು ಉರಿಗೆ ಹಿಡಿದು ರೋಮ ಸುಟ್ಟು ತೊಳೆಯುತ್ತಾನೆ. ಅವನೂ ಇರುಳೆಲ್ಲ ಸಣ್ಣ ಉರಿಯಲ್ಲಿ ಕಾಯಿಸುತ್ತಾನೆ. ಅವನ ಮಸಾಲೆಯೂ ಬಟ್ಟೆಯ ಪೊಟ್ಟಣದಲ್ಲೇ ಇಳಿಯುವುದು, ಅದಕ್ಕೆ ಪೋಟ್ಲಿ ಮಸಾಲೆ ಎಂದೇ ಹೆಸರು. ಅರಬ್ಬಿಯಲ್ಲಿ ‘ನಹಾರ್’ ಎಂದರೆ ಹಗಲು. ಬೆಳಗಿನ ನಮಾಜು ಮುಗಿಸಿ ಬಂದವರು, ರಾತ್ರಿ ಪಾಳಿಯ ಲಾರಿಯವರು, ಹಮಾಲರು ಉಣ್ಣುವ ಅನ್ನ. ಹನೋಯಿಯಲ್ಲೂ ಫೋ ಬೆಳಗಿನ ಅನ್ನವೇ. ಇನ್ನು ಚಕ್ರಮೊಗ್ಗು. ನಮ್ಮ ಪೇಟೆಗೆ ಬರುವ ಚಕ್ರಮೊಗ್ಗಿನ ಬಹುಪಾಲು ಬೆಳೆಯುವುದು ವಿಯೆಟ್ನಾಮಿನ ಉತ್ತರದ ಗುಡ್ಡಗಳಲ್ಲಿ. ನಮ್ಮ ಮದುವೆಮನೆಯ ಬಿರಿಯಾನಿಯಲ್ಲಿ ಆ ದೇಶ ಬಹುಕಾಲದಿಂದ ಕುದಿಯುತ್ತಲೇ ಇದೆ. ಅದು ಹೋಟೆಲಿಟ್ಟು ಬೋರ್ಡು ಹಾಕಿದ ಮೇಲೆ ಕಣ್ಣಿಗೆ ಬಿತ್ತು, ಅಷ್ಟೆ.

ಶಾವಿಗೆಯೂ ಅಷ್ಟೆ. ನಮ್ಮ ಕಡೆ ಬೇಸಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಹೊಸೆಯುವ ಕಾಲ. ಗೋಧಿಯ ಕಣಕವನ್ನು ನಾದಿ ನಾದಿ, ನೂಲಿನ ಹಾಗೆ ಎಳೆದು, ಕೋಲಿನ ಮೇಲೆ ಒಣಗಹಾಕಿದ ಶಾವಿಗೆ ನೋಡದೆ ಬೆಳೆದ ಬೀದರಿನ ಕೂಸಿಲ್ಲ. ಲಿಂಗಾಯತರ ಮನೆಯಲ್ಲಿ ಅದು ಹಾಲು ಬೆಲ್ಲದ ಜೊತೆ, ಮುಸಲ್ಮಾನರ ಮನೆಯಲ್ಲಿ ರಮಜಾನಿನ ದಿನ ಶೀರ್‌ಖುರ್ಮಾದಲ್ಲಿ. ಹೀಗೆ ನಮ್ಮಲ್ಲಿ ಶಾವಿಗೆಯೂ ಇದೆ, ಮೂಳೆಯ ಸಾರೂ ಇದೆ. ಶತಮಾನಗಳಿಂದ ಇದೆ. ಒಂದೇ ಬಜಾರದ ಎರಡು ಮಗ್ಗುಲಲ್ಲಿ ಇದೆ. ಎರಡೂ ಒಂದು ಬೋಗುಣಿಗೆ ಬೀಳಲಿಲ್ಲ. ಬೀಳದೆ ಇದ್ದದ್ದು ರುಚಿಯ ಕಾರಣದಿಂದಲ್ಲವೆಂದು ಹೇಳಲು ಪಾಕಶಾಸ್ತ್ರ ಓದಬೇಕಾಗಿಲ್ಲ.

ವಿಯೆಟ್ನಾಮಿನಲ್ಲಿ ಬಿತ್ತು. ಹೇಗೆ ಬಿತ್ತೆಂಬುದು ಕೇಳತಕ್ಕ ಕತೆ. ಫೋ ಎಂಬುದು ಪುರಾತನ ಅಡಿಗೆಯಲ್ಲ; ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿ, ಉತ್ತರದ ನಾಮ್‌ದಿನ್ ಮತ್ತು ಹನೋಯಿಯ ಸುತ್ತ ರೂಪುಗೊಂಡದ್ದು. ಅಲ್ಲಿಯವರೆಗೆ ಎತ್ತು ಎಮ್ಮೆ ಅವರಿಗೆ ಹೊಲ ಉಳುವ ಪ್ರಾಣಿಗಳು, ಅಪರೂಪಕ್ಕೆ ಮಾತ್ರ ಅಡಿಗೆಗೆ ಬರುವಂಥವು. ಮಾಂಸ ಫ್ರೆಂಚ್ ದೊರೆಗಳಿಗೆ ಬೇಕಾಯಿತು. ಮೂಳೆ, ನರ, ಚೂರುಪಾರು ಕಸಾಯಿಯವನಲ್ಲಿ ಉಳಿಯಿತು. ಅಗ್ಗವಾದ ಅದನ್ನು ಚೀನಿಯರೂ ವಿಯೆಟ್ನಾಮಿಗಳೂ ಆದ ಬೀದಿ ವ್ಯಾಪಾರಿಗಳು ಕೊಂಡು, ಹೆಗಲ ಅಡ್ಡೆಯ ಒಂದು ಬದಿಗೆ ಸಾರಿನ ಹಂಡೆಯನ್ನೂ ಇನ್ನೊಂದು ಬದಿಗೆ ಶಾವಿಗೆಯನ್ನೂ ಹೊತ್ತು ಓಣಿ ಓಣಿ ತಿರುಗಿ ಮಾರಿದರು. ಹೆಸರು ಚೀನಿಯರ ಶಾವಿಗೆಯ ಹೆಸರಿನಿಂದ ಬಂತೆಂದು ಕೆಲವರು, ಫ್ರೆಂಚರ ‘ಪೊ-ತೊ-ಫ’ ಎಂಬ ಮಾಂಸದ ಸಾರಿನಿಂದ ಬಂತೆಂದು ಕೆಲವರು. (ಅಂದ ಹಾಗೆ ಆ ಭಾಷೆಯಲ್ಲಿ ಸ್ವರ ಬದಲಾದರೆ ಅರ್ಥ ಬದಲಾಗುತ್ತದೆ, ಫೋ ಎಂಬುದನ್ನು ನುಡಿಯಬೇಕಾದ ಸ್ವರಕ್ಕೆ ‘ಪ್ರಶ್ನೆಯ ಸ್ವರ’ ಎಂದು ಹೆಸರು. ನಮ್ಮ ಬಡಾವಣೆಯ ಹೋಟೆಲಿನಲ್ಲಿ ಎಲ್ಲರೂ ಅದನ್ನು ಆಜ್ಞೆಯ ಸ್ವರದಲ್ಲಿ ಕೂಗುತ್ತಾರೆ.) ಯಾರದೇ ಆಗಲಿ. ಆಳುವವನ ಎಸೆದ ಮೂಳೆ, ನೆರೆಯವನ ಶಾವಿಗೆ, ತನ್ನ ಮೀನಿನ ರಸ ಮತ್ತು ಸೊಪ್ಪು: ಹೊಂದಿಕೆಯಿಲ್ಲದ ಮೂವರನ್ನು ಒಬ್ಬ ಬಡವ ಹೆಗಲ ಮೇಲೆ ಹೊತ್ತು ಒಂದು ಮಾಡಿದ.

ಅದೇ ಫ್ರೆಂಚರ ಮೇಲೆ ಆ ಜನ ಯುದ್ಧ ಮಾಡಿ 1954ರಲ್ಲಿ ದಿಯೆನ್ ಬಿಯೆನ್ ಫು ಎಂಬಲ್ಲಿ ಗೆದ್ದರು. ಬೋಗುಣಿಯನ್ನು ಮಾತ್ರ ‘ದೊರೆಗಳ ಎಂಜಲು’ ಎಂದು ಎಸೆಯಲಿಲ್ಲ. ಆ ವರ್ಷವೇ ದೇಶ ಇಬ್ಭಾಗವಾಗಿ ಸುಮಾರು ಹತ್ತು ಲಕ್ಷ ಜನ ಉತ್ತರದಿಂದ ದಕ್ಷಿಣಕ್ಕೆ ಹೋದಾಗ ಫೋ ಅವರೊಡನೆ ಹೋಯಿತು; ಅಲ್ಲಿ ಮೊಳಕೆ ಕಾಳು ಸೇರಿತು, ಸಿಹಿ ಚಟ್ನಿ ಸೇರಿತು. ಇದು ಅಪಚಾರವೆಂದು ಹನೋಯಿಯವರು ಇಂದಿಗೂ ಮೂಗು ಮುರಿಯುತ್ತಾರೆ, ಧಾರವಾಡದವರು ಬೆಂಗಳೂರಿನ ಸಾಂಬಾರಿನ ಬೆಲ್ಲಕ್ಕೆ ಮೂಗು ಮುರಿಯುವ ಹಾಗೆ. ಅಮೆರಿಕದ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ ಉತ್ತರದ ಸರ್ಕಾರಿ ಅಂಗಡಿಗಳಲ್ಲಿ ಮಾಂಸವೇ ಇಲ್ಲದ ಫೋ ಸಿಗುತ್ತಿತ್ತು. ಆಕಾಶದಲ್ಲಿ ಚಾಲಕನಿಲ್ಲದ ಅಮೆರಿಕನ್ ವಿಮಾನಗಳು ಹಾರುತ್ತಿದ್ದುದರಿಂದ ಜನ ಅದನ್ನು ‘ಚಾಲಕನಿಲ್ಲದ ಫೋ’ ಎಂದು ಕರೆದರು. ಹಸಿದ ಹೊಟ್ಟೆಯಲ್ಲಿ ಇಷ್ಟು ಹಾಸ್ಯವಿದ್ದ ಜನರ ಅಡಿಗೆ ಕೆಟ್ಟದಿದ್ದೀತು ಹೇಗೆ? 1975ರ ನಂತರ ದೇಶ ಬಿಟ್ಟವರೊಡನೆ ಅದು ಅಮೆರಿಕವನ್ನೂ ಫ್ರಾನ್ಸನ್ನೂ ಹೊಕ್ಕಿತು. ಅಲ್ಲಿಂದ ಸುತ್ತು ಹಾಕಿ, ಇಂಗ್ಲಿಷಿನ ಪೋಷಾಕು ತೊಟ್ಟು, ನಮ್ಮ ಇಸ್ತ್ರಿ ಅಂಗಡಿಯ ಪಕ್ಕಕ್ಕೆ ಬಂದಿದೆ.

ಈಗ ಬೆಲೆಯ ಮಾತು. ಐದುನೂರು ರೂಪಾಯಿ ಕೊಟ್ಟು ‘ರಾತ್ರಿಯಿಡೀ ಕಾಯಿಸಿದ ಸಾರು’ ಎಂಬುದನ್ನು ಬೆರಗಿನಿಂದ ಹೀರುವ ನಮ್ಮ ಸಜ್ಜನರು, ಅದರ ಸಣ್ಣದೊಂದು ಪಾಲಿನ ಬೆಲೆಗೆ ಅದೇ ರಾತ್ರಿಯಿಡೀ ಕಾಯಿಸಿದ ಸಾರು ಸಿಗುವ ತಮ್ಮ ಊರಿನ ಹೋಟೆಲಿನ ಮುಂದೆ ಹುಟ್ಟಿದಾಗಿನಿಂದ ಓಡಾಡಿದ್ದಾರೆ, ಒಳಗೆ ಕಾಲಿಟ್ಟಿಲ್ಲ. ಕೇಳಿದರೆ ಮೂರು ಉತ್ತರ ಬರುತ್ತವೆ.

ಮೊದಲನೆಯದು ಶುಚಿ. ಈ ಮಾತನ್ನು ಆಡುವವರು ರಜೆಗೆ ವಿಯೆಟ್ನಾಮಿಗೆ ಹೋಗಿ, ಹನೋಯಿಯ ಕಾಲುದಾರಿಯಲ್ಲಿ, ಮೊಳಕಾಲೆತ್ತರದ ಪ್ಲಾಸ್ಟಿಕ್ ಮಣೆಯ ಮೇಲೆ, ಚರಂಡಿಯ ಪಕ್ಕದಲ್ಲೇ ಕುಕ್ಕರಿಸಿ ಫೋ ಉಣ್ಣುವ ಚಿತ್ರಗಳನ್ನು ನೆಂಟರಿಗೆಲ್ಲ ತೋರಿಸುತ್ತಾರೆ. ಅಲ್ಲಿ ಅದು ಜನಜೀವನ. ಇಲ್ಲಿ ಗಲೀಜು.

ಎರಡನೆಯದು ಶಾಕಾಹಾರ. ಇದು ಗೌರವಿಸತಕ್ಕ ಮಾತು. ಮಾಂಸ ತಿನ್ನದವನನ್ನು ತಿನ್ನು ಎಂದು ಒತ್ತಾಯಿಸುವುದು ಒರಟುತನ, ನಾನು ಆ ಕೆಲಸಕ್ಕೆ ಹೊರಟವನಲ್ಲ. ಆದರೆ ಒಂದು ಸಂಗತಿ ನೋಡಿ. ವಿಯೆಟ್ನಾಮಿನ ಬೌದ್ಧರಲ್ಲಿ ಅನೇಕರು ಚಾಂದ್ರಮಾನದ ತಿಂಗಳ ಮೊದಲನೆಯ ದಿನ ಮತ್ತು ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲ, ನಮ್ಮವರ ಏಕಾದಶಿ ಸೋಮವಾರಗಳಿದ್ದ ಹಾಗೆ. ಆ ದಿನಗಳಿಗೆಂದು ಮೂಲಂಗಿ, ಅಣಬೆಗಳ ಸಾರಿನ ಫೋ ಇದೆ. ಅದು ನಮ್ಮ ಬಡಾವಣೆಯ ಹೋಟೆಲಿನಲ್ಲೂ ಸಿಗುತ್ತದೆ. ನನ್ನ ಮಿತ್ರರೊಬ್ಬರು, ಬೀದರ ಕಡೆಯವರು, ಬೆಳ್ಳುಳ್ಳಿಗೂ ಹಿಂದುಮುಂದು ನೋಡುವಷ್ಟು ಕಟ್ಟಾ ಶಾಕಾಹಾರಿಗಳು, ನನ್ನೊಡನೆ ಬಂದು ಆ ಫೋ ಉಂಡು ಸಂತೋಷಪಟ್ಟರು. ಅಡಿಗೆಮನೆ ಒಂದೇ. ಆ ಮೇಜಿನ ಮೇಲೆ ಹಿಂದಿನ ಗಿರಾಕಿ ಏನು ಉಂಡನೋ ದೇವರೇ ಬಲ್ಲ. ನಾನು ಸುಮ್ಮನಿರದೆ ಆ ಮಾತೆತ್ತಿದೆ.

“ಇಲ್ಲಿ ಭಾಂಡೆ ಬ್ಯಾರೆ ಇರ್ತಾವ್ರಿ,” ಎಂದರು.

“ಕೇಳೀರೇನ್ರಿ?”

“ಕೇಳೂದೇನೈತ್ರಿ, ಇಷ್ಟು ರೊಕ್ಕ ತಗೋತಾರಂದ್ರ ಇರ್ಲಿಕ್ಕೇ ಬೇಕು.”

ಇದೇ ಮಿತ್ರರು ಕಲ್ಯಾಣದಲ್ಲಿ ನನ್ನೊಡನೆ ಬಸ್ಸಿಗೆ ಕಾದು ನಿಂತಿದ್ದಾಗ, ನಹಾರಿ ಹೋಟೆಲಿನ ಹಿರಿಯರು “ಬರ್ರಿ ಮಾಸ್ತರ, ಹೊರಗ್ಯಾಕ ನಿಂತೀರಿ, ಚಾ ಕುಡೀರಿ” ಎಂದು ಕರೆದರೆ, ಬರಿಯ ಚಹಕ್ಕೆ, ಗಾಜಿನ ಲೋಟದ ಚಹಕ್ಕೆ, ಒಳಗೆ ಹೋಗಲಿಲ್ಲ. ಚಹದಲ್ಲಿ ಮೂಳೆಯಿರಲಿಲ್ಲ. ಆದ್ದರಿಂದ ಶಾಕಾಹಾರದ ವಾದವನ್ನು ಅದು ನಿಜವಾಗಿ ಯಾರದೋ ಅವರಿಗೆ ಬಿಟ್ಟುಬಿಡೋಣ. ಇವರ ತೊಡಕು ಲೋಟ ಕೊಡುವ ಕೈಯದು. ಸಂವಿಧಾನದ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲು ಎಂದು ಹೆಸರು ಹಿಡಿದೇ ಬರೆದಿದ್ದಾರೆ, ಧರ್ಮ ಜಾತಿಗಳ ಕಾರಣದಿಂದ ಯಾರನ್ನೂ ಒಳಗೆ ಬಿಡದೆ ಇರಬಾರದೆಂದು. ‘ಬ್ರಾಹ್ಮಣರಿಗೆ ಮಾತ್ರ’ ಎಂಬ ಬೋರ್ಡು ಹೋಟೆಲುಗಳಲ್ಲಿ ತೂಗಾಡಿದ ನಾಡಿಗೆ ಅದು ಬೇಕಾದ ಮಾತೇ. ಆದರೆ ಬಾಗಿಲು ತೆರೆದಿಟ್ಟು ಬಾ ಎಂದು ಕರೆದರೂ ಹೋಗದವನಿಗೆ ಯಾವ ವಿಧಿ ಏನು ಮಾಡೀತು?

ಮೂರನೆಯ ಉತ್ತರವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನಮ್ಮ ಸೀಮೆಯವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. 1948. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಮಗ್ಗುಲಿನ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯೆಯನ್ನು ಹುಲಸೂರಿನ ಸುತ್ತಿನ ಹಳ್ಳಿಗಳು ಮರೆತಿಲ್ಲ, ಮರೆಯಬೇಕೆಂದೂ ನಾನು ಹೇಳುವುದಿಲ್ಲ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಬೀದರ, ಗುಲಬರ್ಗಾ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರಿಗೆ ಆದದ್ದೇನೆಂಬುದೂ ಇದೆ. ಅದನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಸರ್ಕಾರದ ಕಪಾಟಿನಲ್ಲೇ ಉಳಿಯಿತು. ಒಂದನ್ನು ಎಣಿಸುವವರು ಇನ್ನೊಂದನ್ನು ಎಣಿಸುವುದಿಲ್ಲ. ಎರಡನ್ನೂ ಎಣಿಸಿದರೂ, ಬೆಳಗಿನ ನಾಲ್ಕಕ್ಕೆ ಎದ್ದು ಹಂಡೆ ತೊಳೆಯುವ ಇಂದಿನ ಹೋಟೆಲಿನ ಹುಡುಗನ ಲೆಕ್ಕಕ್ಕೆ ಅದರಲ್ಲಿ ಏನು ಬಂತು? ತನ್ನನ್ನು ಆಳಿದವನ ಅಡಿಗೆಮನೆಯ ಮೂಳೆಯಿಂದ ತನ್ನ ದೇಶದ ಹೆಸರಾದ ಊಟವನ್ನು ಮಾಡಿಕೊಂಡ ಜನರ ಬೋಗುಣಿಯನ್ನು ಮುಂದಿಟ್ಟುಕೊಂಡು, ಅದರ ಇತಿಹಾಸವನ್ನು ಹೊಗಳುತ್ತ, ನಮ್ಮ ಓಣಿಯ ಇತಿಹಾಸವನ್ನು ಮಾತ್ರ ಊಟ ಬಿಡುವುದಕ್ಕೆ ನೆವ ಮಾಡಿಕೊಳ್ಳುವುದು ನನಗೆ ಹಿಡಿಸದ ಮಾತು.

ನಾನು ಬರಿಯ ಮುಸಲ್ಮಾನರ ಹೋಟೆಲಿನ ಮಾತಾಡಿದೆ. ಅವರಿಗಾದರೂ ಬೋರ್ಡಿದೆ, ಗಲ್ಲಾಪೆಟ್ಟಿಗೆಯಿದೆ. ಅದೇ ಮೂಳೆ, ಅದೇ ನರ, ಅದೇ ಬೋಟಿಯನ್ನು ತಲೆಮಾರುಗಳಿಂದ ಅಟ್ಟು ಉಂಡ ಹೊಲಗೇರಿ ಮಾದರಕೇರಿಗಳ ಅಡಿಗೆಗೆ ಹೋಟೆಲೂ ಇಲ್ಲ, ಪುರವಣಿಯ ಪುಟವೂ ಇಲ್ಲ. ನಮ್ಮ ಗಡಿಯಾಚೆಗಿನ ಮರಾಠವಾಡದಲ್ಲಿ ಶಾಹು ಪಾಟೋಳೆ ಎಂಬವರು ಮಹಾರ, ಮಾಂಗ ಜನರ ಅಡಿಗೆಯ ಮೇಲೆ 2015ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ಅನ್ನವೇ ಪೂರ್ಣಬ್ರಹ್ಮವೆಂಬ ಮಾತನ್ನು ತಿರುಗಿಸಿ ಅದಕ್ಕೆ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂದು ಹೆಸರಿಟ್ಟರು. ಬಡಾವಣೆಯ ಹೋಟೆಲಿನ ಪಟ್ಟಿಯಲ್ಲಿ ನರಕ್ಕೂ ಬೋಟಿಗೂ ಇಂಗ್ಲಿಷ್ ಹೆಸರಿದ್ದರೆ ಅವು ವಿಶೇಷ ಭಕ್ಷ್ಯಗಳು. ಅದೇ ಪದಾರ್ಥಕ್ಕೆ ಕನ್ನಡದ ಹೆಸರು ಹೇಳಿ ನೋಡಿ, ಮೇಜು ಖಾಲಿಯಾಗುತ್ತದೆ.

ಇನ್ನು ‘ನಮ್ಮ ಪರಂಪರೆ’ ಎಂದು ಎದೆತಟ್ಟುವವರಿಗೆ ಒಂದು ಮಾತು. ಹುಲಸೂರಿನ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, 1130ರ ಸುಮಾರಿಗೆ, ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ಅನ್ನಭೋಗದ ಭಾಗದಲ್ಲಿ ಇಡ್ಲಿಯ ಅಜ್ಜನಂಥ ಭಕ್ಷ್ಯದ ವರ್ಣನೆಯಿದೆ. ಇಡ್ಲಿ ನಮ್ಮದೇ ಎಂದು ಸಾಧಿಸಬೇಕಾದಾಗೆಲ್ಲ ನಮ್ಮ ವಿದ್ವಾಂಸರು ಆ ಪುಟ ತೆರೆಯುತ್ತಾರೆ. ಪುಟ ಮಗುಚುವುದಿಲ್ಲ. ಮಗುಚಿದರೆ ಹಂದಿಯನ್ನು ಸುಟ್ಟು ಹದಮಾಡುವ ಬಗೆ ಇದೆ, ಆಮೆಯಿದೆ, ಹೊಲದ ಇಲಿಯನ್ನು ಬಿಸಿ ಎಣ್ಣೆಯಲ್ಲಿ ಹಾಕಿ ರೋಮ ತೆಗೆಯುವ ವಿಧಾನವಿದೆ. ಅರಸನ ಪಂಕ್ತಿಯ ಊಟ ಇದು! ಇಡ್ಲಿಯಷ್ಟನ್ನು ಇಟ್ಟುಕೊಂಡು ಇಲಿಯನ್ನು ಕೈಬಿಟ್ಟದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಯಾವುದು ನಮ್ಮದು ಎಂಬುದನ್ನು ಆಯ್ದುಕೊಳ್ಳುತ್ತ ಬಂದವರು ನಾವೇ ಎಂದು ಒಪ್ಪಿಕೊಳ್ಳೋಣ. ಹಾಗೆ ಆಯ್ದುಕೊಳ್ಳುವ ಸ್ವಾತಂತ್ರ್ಯ ಇನ್ನೂ ನಮ್ಮ ಕೈಯಲ್ಲೇ ಇದೆ. ಆತನ ತರುವಾಯ ಒಂದೆರಡು ತಲೆಮಾರಿನೊಳಗೆ ಅದೇ ಪಟ್ಟಣದಲ್ಲಿ, ಚಮ್ಮಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ನೆಂಟಸ್ತನ ಮಾಡಿದ್ದಕ್ಕೆ ರಕ್ತ ಹರಿಯಿತು. ಅಲ್ಲಿ 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಕಟ್ಟಲಿ, ಚೆನ್ನಾಗಿ ಕಟ್ಟಲಿ. ಅದನ್ನು ನೋಡಲು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವರು ಬೆಳಕು ಹರಿಯುವ ಮುಂಚೆ ಕಲ್ಯಾಣದಲ್ಲಿ ಇಳಿದರೆ, ಆ ಹೊತ್ತಿಗೆ ಒಲೆಯ ಮೇಲೆ ಬಿಸಿಯಾಗಿರುವುದು ಯಾರ ಹಂಡೆ ಎಂಬುದನ್ನು ಮೂಗೇ ಹೇಳುತ್ತದೆ.

ಹೋದ ಬೇಸಗೆಯಲ್ಲಿ ಊರಿಗೆ ಹೋದಾಗ ನಾನು ಆ ಹೋಟೆಲಿನ ಹಿರಿಯರಿಗೆ ಫೋ ವಿಚಾರ ಹೇಳಿದೆ. ಅವರು ಕಿವಿಗೊಟ್ಟು ಕೇಳಿ, ಚೀನದವರು ಮೂಳೆ ಸಾರಿನಲ್ಲಿ ಸೇವಯ್ಯಾ ಹಾಕುತ್ತಾರೆಯೇ ಎಂದು ನಕ್ಕರು. ಚೀನದವರಲ್ಲ ಎಂದೆ. “ಆಗ್ಲಿ ಮಾಸ್ತರ, ಶಾವಿಗಿ ನೀವು ತರ್ರಿ, ಸಾರು ನಾ ಹಾಕ್ತೀನಿ,” ಎಂದರು. ಮರುದಿನ ಅವ್ವ ಹೊಸೆದಿಟ್ಟ ಶಾವಿಗೆಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಯಾಕೆಂದು ಅವ್ವನಿಗೆ ಹೇಳಿಯೇ ಹೋದೆ, ಆಕೆ “ಒಡದೀತು, ಜ್ವಾಕಿ” ಎಂದಷ್ಟೇ ಅಂದಳು. ಮಾಡಿ ನೋಡುವವರಿಗೆ ಒಂದು ಸೂಚನೆ: ಗೋಧಿಯ ಶಾವಿಗೆಯನ್ನು ಸಾರಿನಲ್ಲೇ ಬೇಯಿಸಿದರೆ ಅಂಟಾಗಿ ಸಾರು ಕೆಡುತ್ತದೆ. ಬೇರೆ ನೀರಿನಲ್ಲಿ ಒಂದು ಕುದಿ ಬರಿಸಿ, ಬಸಿದು, ಬೋಗುಣಿಯ ತಳಕ್ಕೆ ಹಾಕಿ, ಉಣ್ಣಲು ಕೂತ ಮೇಲೆ ಸಾರು ಹೊಯ್ಯಬೇಕು. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ. ಹೊತ್ತು ಏರುವ ಮುಂಚೆ ಹೋಗಬೇಕು, ತಡವಾದರೆ ಹಂಡೆ ಖಾಲಿ.